ರೀಡಿಂಗ್ ೫೧೦೫೧೦

ಶಿಡ್ಲಘಟ್ಟದ ಹಿಂದಿನ ಬೀದಿ, ಇಮ್ದಾದ್ ಸಾಹೇಬರ ಫಿಲೇಚರು.
ಬೆಂದ ಹುಳದ ವಾಸನೆ ನನ್ನ ಮೂಗಿಗೆ ಹಳತಾಗಿ ಹನ್ನೊಂದು ವರ್ಷ.
ಬಾಗಿಲ ಹಿಂದೆ ಮೀಟರು, ಗಾಜಿನ ಮೇಲೆ ನೊಣದ ಚುಕ್ಕೆ.
ತೋಳಲ್ಲಿ ಒರೆಸಿ ನೋಡಿದೆ:
ಐದು ಲಕ್ಷದ ಹತ್ತು ಸಾವಿರದ ಐನೂರ ಹತ್ತು.

ಬರೆದುಕೊಂಡು ಹೋಗಬೇಕಿತ್ತು. ಇನ್ನೂ ನಲವತ್ತು ಮನೆ ಬಾಕಿ.
ಹೋಗಲಿಲ್ಲ.

"ಏನ್ ಸಾರ್, ಬಿಲ್ಲು ಜಾಸ್ತಿ ಬಂತಾ?"
ಬಾಣಲೆಯಿಂದ ತಲೆ ಎತ್ತದೆ ಮುಬೀನಾ.
ಬಿಸಿನೀರಲ್ಲಿ ನೆಂದು ನೆಂದು ಅವಳ ಬೆರಳು
ಸುಲಿದ ಬೆಳ್ಳುಳ್ಳಿಯ ಹಾಗೆ.

ಬಿಲ್ಲಲ್ಲಮ್ಮ, ಅಂಕಿ.
ಎರಡರಿಂದ ಹೋಗುತ್ತೆ ಇದು, ಮೂರರಿಂದ ಹೋಗುತ್ತೆ,
ಐದರಿಂದ ಸರಿಯೇ ಸರಿ, ಕಡೆಗೆ ಸೊನ್ನೆ ಇದೆಯಲ್ಲ.
ಐನೂರ ಹತ್ತನ್ನು ಎರಡು ಸಲ ಪಕ್ಕಪಕ್ಕ ಕೂರಿಸಿದ್ದು ನೋಡು,
ಅಂದರೆ ಸಾವಿರದ ಒಂದರಿಂದ ಗುಣಿಸಿದ ಹಾಗೆ,
ಮದುವೆ ಮನೆಯಲ್ಲಿ ಮುಯ್ಯಿ ಬರೆಸುತ್ತೀವಲ್ಲ, ಆ ಸಾವಿರದ ಒಂದು.
ಅದರ ಹೊಟ್ಟೆಯಲ್ಲಿ ಏಳು, ಹನ್ನೊಂದು, ಹದಿಮೂರು
ಒತ್ತಿಕೊಂಡು ಮಲಗಿವೆ.
ಇನ್ನು ಹದಿನೇಳು; ಅದು ಐನೂರ ಹತ್ತರೊಳಗೆ
ಮೂವತ್ತರ ಬೆನ್ನಿಗೆ ಅಂಟಿಕೊಂಡಿತ್ತು.

ಕೇಳಿದಳೋ ಇಲ್ಲವೋ.
ಅವಳ ಕೈ ಮಾತ್ರ ಏಳು ಗೂಡಿನ ಎಳೆ ಎತ್ತಿ
ಗುಂಡಿಯ ಒಂದೇ ತೂತಿಗೆ ತೂರಿಸಿತು.
ಹಾಗೇ, ಅಂದೆ. ಸರಿಯಾಗಿ ಹಾಗೇ.
ಒಡೆಯಲು ಬಾರದ ಮೊದಲ ಏಳು ಸಂಖ್ಯೆ
ಹುರಿಗೊಂಡು ಒಂದು ದಾರ.
ಇದಕ್ಕಿಂತ ಸಣ್ಣದರಲ್ಲಿ ಆ ಏಳೂ ಒಟ್ಟಿಗೆ ಸಿಗಲ್ಲ.

ತಗಡಿನ ತಟ್ಟೆ ಕೆಂಪು ಗುರುತು ತೋರಿಸಿ, ಮರೆಸಿ, ತೋರಿಸಿ
ಕೊನೆಯ ಸೊನ್ನೆಯನ್ನು ಮೇಲಕ್ಕೆ ದೂಡುತ್ತಿತ್ತು.
ಅರ್ಧ ಸೊನ್ನೆ.
ಕಾಲು ಸೊನ್ನೆ.
ಒಂದು.

ಒಮ್ಮೆಲೇ ಏಳೂ ಎಳೆ ಕಳಚಿದವು.
ಎರಡರಿಂದ ತೆಗೆದರೆ ಒಂದು ಉಳಿಯಿತು, ಮೂರರಿಂದಲೂ ಒಂದು,
ಹದಿನೇಳರಿಂದಲೂ ಅದೇ ಒಂದು:
ನಮ್ಮಮ್ಮ ಸೆರಗಿನ ಗಂಟು ಬಿಚ್ಚಿ ಮುಯ್ಯಿಗೆ ಸೇರಿಸುತ್ತಿದ್ದ ರೂಪಾಯಿ,
ಸೊನ್ನೆಗೆ ನಿಲ್ಲಿಸಬಾರದು ಕಣೋ, ಎನ್ನುತ್ತ.

"ಹಂಗಾದ್ರೆ ಇದು ಯಾರ ಕೈಗೂ ಸಿಗಲ್ವಾ?"
ಕೇಳಿಸಿಕೊಂಡಿದ್ದಳು, ಹಾಗಾದರೆ.
ಸಿಗಲ್ಲ ಅಂದುಬಿಟ್ಟೆ, ನಾನೇ ಹೆತ್ತ ಜಂಬದಲ್ಲಿ.

ರಾತ್ರಿ ಹಳೆ ಬಿಲ್ಲಿನ ಬೆನ್ನ ಮೇಲೆ ಭಾಗಾಕಾರ.
ಅವಿಭಾಜ್ಯವೇ ಆಗಿರಲಿ ಎಂದು ಒಳಗೊಳಗೇ ಹರಕೆ.
ಹತ್ತೊಂಬತ್ತರಿಂದ ತೆಗೆದೆ. ಹೋಯಿತು.
ಮೊದಲನೇ ಬಾಗಿಲಲ್ಲೇ.
ಉಳಿದ ಇಪ್ಪತ್ತಾರು ಸಾವಿರದ ಎಂಟುನೂರ ಅರವತ್ತೊಂಬತ್ತರ ಜೊತೆ
ತೊಂಬತ್ತೇಳರವರೆಗೆ ನಡೆದೆ; ಅಲ್ಲಿ ಅದೂ ಒಡೆದು
ಕೈಯಲ್ಲಿ ಇನ್ನೂರ ಎಪ್ಪತ್ತೇಳು.
ಆ ಏಳರಲ್ಲಿ ಒಬ್ಬರೂ ಇಲ್ಲ. ಮೂರೂ ಹೊಸ ಮುಖ.

ಮುಂದಿನ ತಿಂಗಳು ಮೀಟರು ಎಲ್ಲೋ ಮುಂದಿತ್ತು,
ಹೇಳಿಕೊಳ್ಳುವಂಥದ್ದಲ್ಲದ ಅಂಕಿ. ಬರೆದುಕೊಂಡೆ.
ತಪ್ಪು ಹೇಳಿದ್ದೆ ಮುಬೀನಾ, ಅದೂ ಒಡೀತು, ಅಂದೆ.
ಅವಳು ನೀರಲ್ಲಿ ಪೊರಕೆ ಆಡಿಸಿ
ಎಳೆ ಕೊಡದೆ ಸತಾಯಿಸುತ್ತಿದ್ದ ಗೂಡೊಂದನ್ನು ಎತ್ತಿ, ತಿರುಗಿಸಿ,
"ತುದಿ ಇಲ್ದೆ ಯಾವ ಹುಳಾನೂ ಸುತ್ತಲ್ಲ ಸಾರ್"
ಎಂದು ಮತ್ತೆ ಬಾಣಲೆಗೆ ಹಾಕಿದಳು.

ಒಳಗಿಂದ ಸಾಹೇಬರು: ಈ ಸಲ ಎಷ್ಟಪ್ಪಾ?