ಹನ್ನೊಂದು ಗ್ರಾಂ

ಟಿಬಿಲಿಸಿಯ ಇಳಿಜಾರು ಓಣಿಯಲ್ಲಿ
ಹೂತ ಒಲೆಗೆ ಬಗ್ಗಿ ಬಗ್ಗಿ ಮೂವತ್ತು ವರ್ಷ;
ಚಳಿಗಾಲದಿಂದ ಮಾತ್ರ
ನಾನು ಸುಟ್ಟದ್ದನ್ನು ನಾನೇ ಮುಟ್ಟಿಲ್ಲ.

ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಕೋಳಿ, ರಾತ್ರಿ
ಅದೇ ಕೋಳಿಯ ಉಳಿದರ್ಧ.
ಒಂಬತ್ತು ಕಿಲೋ ಇಳಿದೆ. ಮೆಟ್ಟಿಲ ಬಳಿ
ಮೊಣಕಾಲು ಈಗ ಬೈಯುವುದಿಲ್ಲ.
ಸುಳ್ಳೇಕೆ, ಹಸಿವೂ ಅಷ್ಟಿಲ್ಲ.

ಬಾಯಿ ತುಕ್ಕಿನ ವಾಸನೆ. ಹೊಟ್ಟೆ
ಮೂರು ದಿನಕ್ಕೊಮ್ಮೆ ಮನಸ್ಸು ಮಾಡುತ್ತದೆ.
ಕಿಡ್ನಿ ಜೋಪಾನ ಅಂದರು ಡಾಕ್ಟರಮ್ಮ,
ಪರ್ಸು ಜೋಪಾನ ಅಂದ ಗಂಡ ಜುಂಬೇರ್.

ಮೊನ್ನೆ ಎದುರುಮನೆಯ ಗುಲ್ನಾರಾ ಮೆಲ್ಲಗೆ:
"ನಾಜಿಬ್ರೋಲಾ, ರೊಟ್ಟಿಗೆ ಉಪ್ಪು ಸಾಲದು.
ತಿಂಗಳಾಯಿತು."

ಅಂಗಡಿ ಬಾಗಿಲು ಹಾಕಿ
ಬಿಸಿ ರೊಟ್ಟಿಯ ಚೂಪು ತುದಿ ಮುರಿದು
ತಕ್ಕಡಿಗಿಟ್ಟೆ: ಹನ್ನೊಂದು ಗ್ರಾಂ.
ಬಾಯಿಗಿಟ್ಟೆ.

ಹೌದು, ಸಾಲದು.