ಮೊದಲ ಮನೆ

ಟಕೊರಾಡಿ ಮಾರುಕಟ್ಟೆಯ ದುಂಡು ಬೀದಿಯಲ್ಲಿ
ನಾನು ಸೂಸು ಎತ್ತುವವಳು.
ಹೆಗಲಿಗೆ ಚೀಲ, ಕಿವಿಸಂದಿಗೆ ಪೆನ್ನು, ಕಾಲಿಗೆ ಸವೆದ ಚಪ್ಪಲಿ.
ಒಬ್ಬೊಬ್ಬರಿಗೂ ಒಂದೊಂದು ಹಳದಿ ಕಾರ್ಡು,
ಕಾರ್ಡಿನಲ್ಲಿ ಮೂವತ್ತೊಂದು ಮನೆ.
ದಿನಕ್ಕಿಷ್ಟು ಅಂತ ಕೊಡುತ್ತಾರೆ, ಗೀಟು ಹಾಕುತ್ತೇನೆ.
ತಿಂಗಳ ಕೊನೆಗೆ ಗಂಟು ಅವರದು,
ಮೊದಲ ಮನೆ ಮಾತ್ರ ನನ್ನದು, ನಡೆದ ಕೂಲಿ.
ಇದನ್ನು ಮೊದಲೇ ಹೇಳಿರುತ್ತೇನೆ.
ಹೇಳದೆ ಹಿಡಿದುಕೊಳ್ಳುವವರ ಹತ್ತಿರ ಹೋಗಬೇಡಿ.

ಫೀಫಿಗೆ ಹದಿನೈದು.
ಶಾಲೆಯಿಂದ ಬಂದವನೇ ತಲೆ ಮೇಲೆ ಬೋಗುಣಿ ಹೊತ್ತು
ತಣ್ಣೀರು ಮಾರುತ್ತಾನೆ, ಪೊಟ್ಟಣಕ್ಕೆ ಅರ್ಧ ಸೆಡಿ.
ಬಸ್ಸಿನ ಕಿಟಕಿಗೆ ಕೈ ಚಾಚಿ
ಓಡುತ್ತ ಓಡುತ್ತಲೇ ಚಿಲ್ಲರೆ ಎಣಿಸುವ ಹುಡುಗ.

ಒಮ್ಮೆ ಹತ್ತೊಂಬತ್ತನೆಯ ಮನೆಗೇ ನಿಲ್ಲಿಸಿ
"ಎಲ್ಲ ಕೊಟ್ಟುಬಿಡು ಆಂಟಿ" ಎಂದ.
ಕಣ್ಣು ನನ್ನ ಕಡೆ ಇರಲಿಲ್ಲ,
ಪಂದ್ಯ ಕಟ್ಟುವ ಗೂಡಂಗಡಿಯ ಟಿವಿ ಕಡೆ ಇತ್ತು.
ಯಾರು ಗೆಲ್ಲುತ್ತಾರೆಂದು ಗೆಳೆಯನಿಗೆ ಗ್ಯಾರಂಟಿ ಗೊತ್ತಂತೆ.
ಆ ಗ್ಯಾರಂಟಿಯವನ ಚಪ್ಪಲಿ ನೋಡಿದ್ದೀಯಾ, ಎಂದೆ.
ನೋಡಿರಲಿಲ್ಲ. ಹಣ ಅವನದು, ಎಣಿಸಿ ಕೊಟ್ಟೆ.
ಉಳಿದ ಹನ್ನೆರಡು ಮನೆ ಖಾಲಿ ಬಿದ್ದವು,
ಬಾಡಿಗೆಗೆ ಯಾರೂ ಬಾರದ ಹಾಗೆ.

ಅದು ಹೋಗಲಿ. ಹದಿನೈದರಲ್ಲಿ ಕಳೆದದ್ದು ಅಗ್ಗದ ಪಾಠ.
ನಾನು ಹೇಳಹೊರಟದ್ದು ಬೇರೆ.

ಫೆಬ್ರವರಿಯ ಶನಿವಾರ, ಲಾರಿ ನಿಲ್ದಾಣದ ಬಿಸಿಲಲ್ಲಿ
ಮೊದಲು ಬೋಗುಣಿ ಬಿತ್ತು, ಆಮೇಲೆ ಅವನು.
ತುಟಿ ಬಿರಿದಿತ್ತು, ಕತ್ತಿನ ಮೇಲೆ ಬೆವರು ಆರಿ
ಉಪ್ಪಿನ ಬಿಳಿ ಗೆರೆ.
ಅವನ ಸುತ್ತ ಇಪ್ಪತ್ತೆರಡು ಪೊಟ್ಟಣ ನೀರು.

ನರ್ಸ್ ಅಮಿಸ್ಸಾ ಸೀಸೆಯನ್ನು ಬೆಳಕಿಗೆ ಹಿಡಿದರು.
ಕಡು ಚಹಾದ ಬಣ್ಣ.
"ಬೆಳಿಗ್ಗೆಯಿಂದ ಏನು ಕುಡಿದೆ?"
"ಒಂದು ಎನರ್ಜಿ ಡ್ರಿಂಕ್."
"ನೀರು?"
"ನೀರು ಮಾರುವುದಕ್ಕೆ."
ನಗಲಿಲ್ಲ ಅವರು, ಬೈಯಲೂ ಇಲ್ಲ.
"ದಿನಾ ನೀನೇ ನೋಡಿಕೋ. ಒಣಹುಲ್ಲಿನ ಬಣ್ಣ ಇರಬೇಕು.
ನಾಚಿಕೆ ಯಾಕೆ, ಅದು ನಿನ್ನ ಪಾಸ್‌ಬುಕ್ಕು."

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುವುದು
ತಪ್ಪು ಮಾಡಿದವರಿಗೆ.
ಇವನು ಉಪ್ಪು ಕಳೆದುಕೊಂಡವನು.

ಹೊರಗೆ ಬೆಂಚಿನ ಮೇಲೆ ಕಾರ್ಡು ಮಗುಚಿ ಬರೆದೆ:
ಮೂವತ್ತು ಪೊಟ್ಟಣಕ್ಕೆ ನೀನು ಕೊಟ್ಟದ್ದು ಒಂಬತ್ತು ಸೆಡಿ.
ಅರ್ಧ ಸೆಡಿ ಕೊಳ್ಳುವವರಿಗೆ,
ನಿನಗೆ ಬಿದ್ದದ್ದು ಮೂವತ್ತು ಪೆಸೆವಾ.
ದಿನಕ್ಕೆ ಮೂರು ಕುಡಿ, ತೊಂಬತ್ತು.
ಇವತ್ತಿನ ಬಿಲ್ಲು ನಲವತ್ತೈದು ಸೆಡಿ.
ಐವತ್ತು ದಿನದ ನೀರನ್ನು
ಒಂದೇ ಮಧ್ಯಾಹ್ನ ಕುಡಿದೆಯಲ್ಲೋ, ಅದೂ ಸೂಜಿಯಲ್ಲಿ.

ಬಿಡುವವನೇ? ತೋಳಿಗೆ ಹತ್ತಿ ಒತ್ತಿಕೊಂಡೇ ಕೇಳಿದ:
"ಆ ಮೂರನ್ನು ಮಾರಿದ್ದರೆ ಬರುತ್ತಿದ್ದ ಲಾಭ?"
ಸರಿ, ಅರವತ್ತು ಪೆಸೆವಾ, ಅದನ್ನೂ ಸೇರಿಸಿದೆ.
ದಿನಕ್ಕೆ ಒಂದೂವರೆ ಆಯಿತು, ಐವತ್ತು ಮೂವತ್ತಕ್ಕಿಳಿಯಿತು.
ಮೂವತ್ತು ದಿನ.
ಬಹಳ ಹೊತ್ತು ಆ ಸಂಖ್ಯೆಯನ್ನೇ ನೋಡುತ್ತ ಕೂತ.

ಮುಂದಿನ ವಾರ ಅವನ ಕೈಯಲ್ಲಿ ಇನ್ನೊಂದು ಕಾರ್ಡು,
ಬಿಸ್ಕತ್ತಿನ ರಟ್ಟು ಕತ್ತರಿಸಿ ಗೆರೆ ಎಳೆದದ್ದು, ಸೊಟ್ಟ ಮನೆಗಳು.
ಮನೆಗೆ ಮೂರು ಮೂರು ಚುಕ್ಕಿ.
"ಇದರಲ್ಲಿ ಮೊದಲ ಮನೆಯೂ ನನ್ನದೇ" ಎಂದ.
ಗುರುವಾರದ ಮನೆ ಖಾಲಿ ಇತ್ತು. ನಾನು ಕೇಳಲಿಲ್ಲ.

ಹೊತ್ತು ನೆತ್ತಿಗೆ ಬಂದಿತ್ತು.
ಏಳು ಗಂಟೆಯಿಂದ ನಡೆದವಳು ನಾನು,
ಏನಾದರೂ ಕುಡಿದಿದ್ದೆನೇ? ನೆನಪಾಗಲಿಲ್ಲ.
"ಒಂದು ಕೊಡು" ಎಂದೆ.
ಕೊಟ್ಟ. ಹಲ್ಲಿನಿಂದ ಮೂಲೆ ಹರಿದು ಗಟಗಟ ಕುಡಿದೆ.
ಅವನ ಕೈ ಚಾಚಿಯೇ ಇತ್ತು:
"ಅರ್ಧ ಸೆಡಿ, ಆಂಟಿ."