ಹತ್ತು ಅಂಕದ ಪ್ರಶ್ನೆ

ಹಾಸನ. ಸಾಲಗಾಮೆ ರಸ್ತೆಯ ಕಾಲೇಜು, ಎರಡನೇ ಮಹಡಿ.
ಬೆಳಗಿನಿಂದ ಮೌಲ್ಯಮಾಪನ. ಇದು ಮೂವತ್ತೊಂದನೆಯದು.
ಕೆಂಪು ಪೆನ್ನಿನ ಮೂತಿ ಒಣಗಿದೆ,
ಉಸಿರೂದಿ, ಅಂಗೈಗೆ ಗೀಚಿ ಎಬ್ಬಿಸಬೇಕು.

ಪ್ರಶ್ನೆ ಏಳು: ಶೇಲ್ ಪದರದಲ್ಲಿ ಕೊರೆದ ಬಾವಿ
ಎಷ್ಟು ಎಣ್ಣೆ, ಎಷ್ಟು ಅನಿಲ ಕೊಟ್ಟೀತು
ಎಂಬುದನ್ನು ನಿರ್ಧರಿಸುವ ಭೂವೈಜ್ಞಾನಿಕ ಅಂಶಗಳನ್ನು ವಿವರಿಸಿ.

ಮಾದರಿ ಉತ್ತರ ಎದುರಿಗಿದೆ, ನಾನೇ ಬರೆದದ್ದು:
ಪದರದ ದಪ್ಪ, ಸಾವಯವ ಇಂಗಾಲ, ಪಕ್ವತೆ,
ಖನಿಜಗಳ ಪಾಲು, ಬಿರುಕು, ಒತ್ತಡ.
ತಲಾ ಒಂದೂವರೆ. ಚಿತ್ರವಿದ್ದರೆ ಒಂದು.
ಮೂವತ್ತು ಮಂದಿ ಇದನ್ನೇ ಉರು ಹೊಡೆದಿದ್ದಾರೆ.
ಒಬ್ಬ ಪಕ್ವತೆಯನ್ನು ಪಕ್ಷತೆ ಮಾಡಿದ್ದ; ಅರ್ಧ ಕೊಟ್ಟೆ.

ಈ ಕೈಬರಹ ಬೇರೆ. ಶುರುವೇ ಹೀಗೆ:
"ನಾನು ಶೇಲ್ ನೋಡಿಲ್ಲ. ನಮ್ಮಪ್ಪ ಅರಸೀಕೆರೆಯಲ್ಲಿ
ಬೋರ್ ಲಾರಿ ಇಟ್ಟುಕೊಂಡಿದ್ದಾರೆ.
ಜಾವಗಲ್ಲಿನ ಹತ್ತಿರ ಒಂದೇ ತೋಟದಲ್ಲಿ ಎರಡು ಬೋರು,
ನಡುವೆ ನಲವತ್ತು ಅಡಿ. ಒಂದರಲ್ಲಿ ಮೂರಿಂಚು ನೀರು,
ಇನ್ನೊಂದರಲ್ಲಿ ಆರುನೂರು ಅಡಿಗೂ ಹಿಟ್ಟು, ಬರೀ ಹಿಟ್ಟು.
ಕಲ್ಲು ಅದೇ. ಬಿಟ್ ಅದೇ. ಒಡೆದ ತೆಂಗಿನಕಾಯಿಯೂ
ಒಂದೇ ಅಂಗಡಿಯದು.
ಅಪ್ಪ ಹೇಳುವುದು: ಒಂಟಿ ಬಿರುಕು ಕೆಲಸಕ್ಕೆ ಬಾರದು,
ಒಂದಕ್ಕೊಂದು ಮಾತಾಡಿಕೊಂಡ ಬಿರುಕು ಬೇಕು.

ಶೇಲಿನಲ್ಲಿ ಎಣ್ಣೆ ಹುಟ್ಟಿದ ಮನೆ ಬಿಟ್ಟು ಕದಲಿರುವುದಿಲ್ಲವಂತೆ.
ಕೋಣೆಗಳಿವೆ, ಬಾಗಿಲುಗಳಿಲ್ಲ.
ನೀರು ಒತ್ತಿ ಒಡೆಯುತ್ತಾರೆ. ಸ್ಫಟಿಕ ಹೆಚ್ಚಿದ್ದರೆ
ಸುಟ್ಟ ಹಪ್ಪಳದ ಹಾಗೆ ಚಟ್ಟೆಂದು ಒಡೆಯುತ್ತದೆ,
ಒಡೆದದ್ದು ಒಡೆದೇ ಇರುತ್ತದೆ.
ಜೇಡಿ ಹೆಚ್ಚಿದ್ದರೆ ಬಿಸಿ ಮುದ್ದೆಗೆ ಬೆರಳಿಟ್ಟ ಹಾಗೆ:
ತೆಗೆದರೆ ಮುಚ್ಚಿಕೊಳ್ಳುತ್ತದೆ.

ಹದವೂ ಮುಖ್ಯ. ಬೆಣ್ಣೆ ಕಾಯಿಸುವಾಗ ಅಮ್ಮ
ಒಲೆ ಬಿಟ್ಟು ಏಳುವುದಿಲ್ಲ. ನೆಲಕ್ಕೆ ಅಂಥ ಕಾವಲಿಲ್ಲ.
ಬೇಯದಿದ್ದರೆ ಮೇಣ, ಬೆಂದರೆ ಎಣ್ಣೆ,
ಮಿಕ್ಕಿ ಬೆಂದರೆ ಅನಿಲ, ಅದಕ್ಕೂ ಮಿಕ್ಕರೆ ಮಸಿ."

ಕೆಳಗೆ ಚಿತ್ರ. ಎರಡು ಗೀಟು, ಎರಡು ಬಾವಿ.
ಒಂದರ ಬಾಯಲ್ಲಿ ಮೂರು ಹನಿ.

ನಾನು ಕೂತ ಕಟ್ಟಡದ ಕೆಳಗೆ ಇರುವ ಕಲ್ಲು
ಮೀನು ಹುಟ್ಟುವ, ಹುಲ್ಲು ಹುಟ್ಟುವ ಎಷ್ಟೋ ಮುಂಚಿನದು,
ಎಣ್ಣೆಯ ಗೊಡವೆಯೇ ಇಲ್ಲದ್ದು. ಅದರ ಮೇಲೆ ನಿಂತು
ಹದಿನಾಲ್ಕು ವರ್ಷ ಕಡಲ ಕೆಸರಿನ ಪಾಠ ಮಾಡಿದ್ದೇನೆ.
ಅದಕ್ಕೂ ಮುಂಚೆ ಖಂಬಾತಿನ ಬಯಲಲ್ಲಿ, ರಿಗ್ಗಿನ ಮೇಲೆ,
ರಾತ್ರಿ ಪಾಳಿಯಲ್ಲಿ, ಬಾವಿಯಿಂದ ಬಂದ ಶೇಲಿನ ಚೂರನ್ನು
ತೊಳೆದು ಮುಂಬಲ್ಲಲ್ಲಿ ಕಚ್ಚಿ ನೋಡುತ್ತಿದ್ದೆ:
ಕರಕರ ಎಂದರೆ ಮರಳಿನ ಹೂಳು,
ನುಣ್ಣಗೆ ಕರಗಿದರೆ ಜೇಡಿ.
ವರದಿಯಲ್ಲಿ ಅದನ್ನು ಬರೆಯಲಿಲ್ಲ.
ಮಾದರಿ ಉತ್ತರದಲ್ಲೂ.

ಧರಣೇಂದ್ರಯ್ಯನವರು ಬಂದು ಮೇಜು ತಟ್ಟಿದರು:
"ಮೇಡಂ, ಇನ್ನೂ ಒಂಬತ್ತು ಬಾಕಿ."
ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿ,
"ಪಾಯಿಂಟುಗಳೆಲ್ಲಿ?" ಅಂದರು.
"ಇವೆ ಸಾರ್, ಒಳಗಿವೆ."
"ಒಳಗಿದ್ದರೆ ಏನು ಬಂತು? ಹೊರಗೆ ಬರಬೇಕಲ್ಲ."

ಅವರಿಗೆ ಗೊತ್ತಿಲ್ಲ, ಇಡೀ ಪ್ರಶ್ನೆಗೆ
ಅವರೇ ಒಂದು ಸಾಲಿನಲ್ಲಿ ಉತ್ತರ ಕೊಟ್ಟರೆಂದು.

ಹೆಸರಿಲ್ಲ, ಬಾರ್‌ಕೋಡ್ ಮಾತ್ರ.
ಯಾವ ಲಾರಿಯ ಮಗಳೋ, ಮಗನೋ.
ಅಂಚಿನಲ್ಲಿ ಏನೂ ಬರೆಯಕೂಡದು, ನಿಯಮ.
ಒತ್ತಡದ ಸುದ್ದಿ ಎತ್ತಿಲ್ಲ; ಅದಕ್ಕೆ ಒಂದೂವರೆ ಕಳೆದೆ.
ದಪ್ಪವನ್ನೂ ಇಂಗಾಲವನ್ನೂ ನಾನು ನೋಡಲಿಲ್ಲ.
ಎಂಟೂವರೆ. ಪಕ್ಕದಲ್ಲಿ ಸಹಿ.

ಮೂವತ್ತೆರಡನೆಯದನ್ನು ಬಿಡಿಸಿದೆ:
ಪದರದ ದಪ್ಪ, ಸಾವಯವ ಇಂಗಾಲ...
ಪೆನ್ನು ಸರಿ, ಸರಿ ಎನ್ನುತ್ತಾ ಹೋಯಿತು.
ನಾಲಿಗೆ ಮಾತ್ರ ಮುಂಬಲ್ಲಿನ ಹಿಂದೆ
ಏನೋ ಕರಕರ ಹುಡುಕುತ್ತಿತ್ತು.